ನೀರಿನ ದಂಡೆಯ ನಡಿಗೆ: ಸ್ಟಾಕ್‌ಹೋಮಿನ ಒಂದು ಬಡಾವಣೆಯಲ್ಲಿ ಕಂಡದ್ದು

ಮೂವತ್ತೈದು ವರ್ಷಗಳ ವೈದ್ಯವೃತ್ತಿಯಲ್ಲಿ ನಾನು ಅತಿ ಹೆಚ್ಚು ಬಾರಿ ಹೇಳಿದ ಮಾತು ಯಾವ ಕಷಾಯದ ಹೆಸರೂ ಅಲ್ಲ, ಯಾವ ಲೇಹ್ಯದ ಹೆಸರೂ ಅಲ್ಲ. "ದಿನವೂ ನಡೆಯಿರಿ" ಎಂಬ ಎರಡು ಶಬ್ದ. ಮಧುಮೇಹದವರಿಗೆ, ಸ್ಥೌಲ್ಯದವರಿಗೆ, ಮಲಬದ್ಧತೆಯವರಿಗೆ, ನಿದ್ರೆ ಬಾರದವರಿಗೆ, ಎಲ್ಲರಿಗೂ ಇದೇ ಉಪದೇಶ. ಮುಂದಿನ ಭೇಟಿಗೆ ಬಂದವರಲ್ಲಿ ಹೆಚ್ಚಿನವರು ನಡೆದಿರುವುದಿಲ್ಲ. ಅದನ್ನು ಆಲಸ್ಯವೆಂದು ತಿಳಿದು ಗದರಿದ್ದೂ ಉಂಟು. ಹೀಗೆ ಒಮ್ಮೆ ಗದರಿಸಿಕೊಂಡ ಅರವತ್ತೆಂಟು ವರ್ಷದ ತಾಯಿಯೊಬ್ಬರು ಸೆರಗು ಸರಿಪಡಿಸಿಕೊಂಡು ಶಾಂತವಾಗಿ ಕೇಳಿದರು: "ಡಾಕ್ಟ್ರೇ, ನೀವು ನಡೀರಿ ನಡೀರಿ ಅಂತೀರಿ. ಎಲ್ಲಿ ನಡೀಲಿ, ಅದನ್ನೂ ಚೀಟ್ಯಾಗೆ ಬರೆದು ಕೊಡ್ರಿ." ಅವರ ಮನೆಯ ಮುಂದೆ ಚರಂಡಿಯ ಕಲ್ಲು ಕಿತ್ತುಹೋಗಿತ್ತು. ಬೀದಿಯ ತುದಿಯಲ್ಲಿ ನಾಯಿಗಳು. ಆಚೆಗೆ ಲಾರಿಗಳ ರಸ್ತೆ. ನನ್ನಲ್ಲಿ ಉತ್ತರವಿರಲಿಲ್ಲ. ಮಾತ್ರೆ ಬರೆದು ಕಳುಹಿಸಿದೆ.

ಆ ವರ್ಷದ ಬೇಸಗೆಯಲ್ಲಿ ನಾನೂ ನನ್ನ ಶ್ರೀಮತಿಯವರೂ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿರುವ ಮಗಳು ಅಳಿಯಂದಿರ ಮನೆಯಲ್ಲಿ ಎರಡು ತಿಂಗಳು ಇದ್ದೆವು. ಅವರು ವಾಸಿಸುವ ಬಡಾವಣೆಯ ಹೆಸರು ಹಮ್ಮರ್ಬಿ ಷೊಸ್ತಾದ್. ಅವರ ಭಾಷೆಯಲ್ಲಿ 'ಷೊ' ಎಂದರೆ ಸರೋವರ, 'ಸ್ತಾದ್' ಎಂದರೆ ಪಟ್ಟಣ. ನಮ್ಮ ಕಡೆಯಾಗಿದ್ದರೆ ಕೆರೆಯೂರು ಎನ್ನುತ್ತಿದ್ದರೇನೋ. ಆ ತಾಯಿಯ ಪ್ರಶ್ನೆಗೆ ಉತ್ತರದ ಒಂದು ಭಾಗ ನನಗೆ ಅಲ್ಲಿ ದೊರೆಯಿತು. ನಮ್ಮ ಮಠದ ಭಕ್ತರಲ್ಲಿಯೂ ಅನೇಕರ ಮಕ್ಕಳು ಹೊರದೇಶಗಳಲ್ಲಿರುವುದರಿಂದ, ಅಲ್ಲಿಗೆ ಹೋಗುವ ಹಿರಿಯರಿಗೂ ಇಲ್ಲಿಯೇ ಇರುವವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಆ ಸ್ಥಳದ ಪೂರ್ವವೃತ್ತಾಂತ. ಸ್ಟಾಕ್‌ಹೋಮ್ ದ್ವೀಪಗಳ ಮೇಲೆ ಹಬ್ಬಿದ ನಗರ. ನಗರದ ದಕ್ಷಿಣಕ್ಕೆ ಸೋಡರ್ಮಾಲ್ಮ್ ಎಂಬ ದೊಡ್ಡ ದ್ವೀಪ. ಅದರ ಕೆಳಗೆ ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಚಾಚಿದ ಹಮ್ಮರ್ಬಿ ಸರೋವರ. ಹಡಗುಗಳು ಹಾದುಹೋಗಲೆಂದು ಕಾಲುವೆ ತೋಡಿ ಈ ಸರೋವರವನ್ನು ಸಮುದ್ರಕ್ಕೆ ಕೂಡಿಸಿದರು. ಆ ಜಲಮಾರ್ಗ 1929ರಲ್ಲಿ ತೆರೆಯಿತು. ಅಂದಿನಿಂದ ದಕ್ಷಿಣದ ದಂಡೆ ಕಾರ್ಖಾನೆಗಳ, ಗೋದಾಮುಗಳ, ಗುಜರಿ ಅಂಗಡಿಗಳ ನೆಲೆಯಾಯಿತು. ಮಣ್ಣಿಗೆ ಎಣ್ಣೆ ಇಳಿಯಿತು, ಲೋಹದ ವಿಷ ಸೇರಿತು. 1990ರ ದಶಕದಲ್ಲಿ ಆ ನಗರವು 2004ರ ಒಲಿಂಪಿಕ್ ಕ್ರೀಡಾಕೂಟವನ್ನು ಕೇಳಿ ಅರ್ಜಿ ಹಾಕಿದಾಗ, ಈ ಕೆಟ್ಟ ನೆಲವನ್ನು ಶುದ್ಧಿಗೊಳಿಸಿ ಕ್ರೀಡಾಗ್ರಾಮ ಕಟ್ಟುವ ಆಲೋಚನೆ ಬಂತು. ಅಂದು ಕಟ್ಟುತ್ತಿದ್ದ ಸಾಮಾನ್ಯ ಕಟ್ಟಡಗಳಿಗಿಂತ ಎರಡು ಪಟ್ಟು ಪರಿಸರಸ್ನೇಹಿಯಾಗಿರಬೇಕೆಂಬುದು ಅದರ ಗುರಿ. 1997ರಲ್ಲಿ ಕ್ರೀಡಾಕೂಟ ಅಥೆನ್ಸಿಗೆ ಹೋಯಿತು. ಬಡಾವಣೆಯ ಯೋಜನೆಯನ್ನು ಮಾತ್ರ ಕೈಬಿಡಲಿಲ್ಲ. ಇಂದು ಅಲ್ಲಿ 20 ಸಾವಿರಕ್ಕೂ ಹೆಚ್ಚು ಜನ ವಾಸಿಸುತ್ತಾರೆ.

ನನಗೆ ಮುಖ್ಯವಾಗಿ ಕಂಡದ್ದು ಇದು: ಮನೆಗಳನ್ನು ಕಟ್ಟಿ ಉಳಿದ ಜಾಗದಲ್ಲಿ ದಾರಿ ಮಾಡಿದ್ದಲ್ಲ. ನೀರಿನ ಅಂಚನ್ನು ಯಾರೊಬ್ಬರ ಮನೆಯ ಹಿತ್ತಿಲಿಗೂ ಕೊಡದೆ, ನಡೆಯುವವರಿಗೆಂದು ಮೊದಲೇ ಬಿಟ್ಟುಕೊಂಡಿದ್ದಾರೆ. ಆದುದರಿಂದ ದಾರಿ ಎಲ್ಲಿಯೂ ಕಡಿಯುವುದಿಲ್ಲ.

ಮಗಳ ಮನೆ ಇದ್ದುದು ಲೂಮಾ ಎಂಬ ಭಾಗದಲ್ಲಿ. 1930ರ ಸುಮಾರಿಗೆ ಬಳಕೆದಾರರ ಸಹಕಾರ ಸಂಘವೊಂದು ಅಲ್ಲಿ ವಿದ್ಯುದ್ದೀಪದ ಕಾರ್ಖಾನೆ ಕಟ್ಟಿತ್ತು; ಆ ಕಟ್ಟಡವನ್ನು ಕೆಡವದೆ ಉಳಿಸಿಕೊಂಡಿದ್ದಾರೆ. ಮನೆಯಿಂದ ಇಳಿದು ಉದ್ಯಾನವನ್ನು ದಾಟಿದರೆ ಸರೋವರ. ಅಲ್ಲಿಂದ ಬಲಕ್ಕೆ, ಅಂದರೆ ಪೂರ್ವಕ್ಕೆ ತಿರುಗಿ ದಂಡೆ ಹಿಡಿದು ಹೊರಡುವುದು ನಮ್ಮ ಪ್ರಾತಃಕಾಲದ ದಾರಿ. ಮೊದಲಿಗೆ ಸಿಕ್ಲಾ ಎಂಬ ಕಟ್ಟೆಯ ದಂಡೆ, ಬಳಿಕ ಒಂದು ಕಾಲುವೆ, ಕಾಲುವೆಯ ಮೇಲೆ ಸೇತುವೆ, ಅದರಾಚೆ ನೀರಿನೊಳಕ್ಕೆ ಚಾಚಿದ ಭೂಶಿರ. ಆ ಭೂಶಿರದ ಗುಡ್ಡದ ಮೇಲೆ ಹಳೆಯ ಓಕ್ ಮರಗಳಿವೆ. ಇಷ್ಟೊಂದು ಮನೆಗಳನ್ನು ಕಟ್ಟುವಾಗಲೂ ಅವುಗಳನ್ನು ಕಡಿಯಲಿಲ್ಲ. ಮರಗಳನ್ನು ಬಿಟ್ಟು ಸುತ್ತ ಕಟ್ಟಿದರು. ದಂಡೆಗುಂಟ ಕೆಲವೆಡೆ ಜೊಂಡು ಬೆಳೆಯಲು ಬಿಟ್ಟು, ಅದರ ನಡುವೆ ನೀರಿನ ಮೇಲೆಯೇ ಮರದ ಹಲಗೆಗಳ ದಾರಿ ಹಾಸಿದ್ದಾರೆ. ಕಾಲಡಿಯಲ್ಲಿ ನೀರು, ಎರಡೂ ಕಡೆ ಎದೆಯೆತ್ತರದ ಜೊಂಡು, ಒಳಗೆಲ್ಲೋ ಬಾತುಕೋಳಿಯ ಮರಿಗಳ ಸದ್ದು. ಆ ಹಲಗೆಗಳ ಮೇಲೆ ನನ್ನ ಶ್ರೀಮತಿಯವರು ಪ್ರತಿದಿನವೂ ತಾವಾಗಿಯೇ ನಿಂತುಬಿಡುತ್ತಿದ್ದರು.

ಅವರ ವಿಷಯವನ್ನು ಸ್ವಲ್ಪ ಹೇಳಬೇಕು. ಅವರಿಗೆ ಎರಡೂ ಮೊಣಕಾಲುಗಳಲ್ಲಿ ಸಂಧಿವಾತ. ಊರಿನಲ್ಲಿ ಅವರ ನಡಿಗೆ ಅಡುಗೆಮನೆಯಿಂದ ಪೂಜೆಯ ಕೋಣೆಗೆ, ಅಲ್ಲಿಂದ ಹಿತ್ತಿಲಿಗೆ. ವೈದ್ಯನ ಮನೆಯಲ್ಲಿಯೇ ಹೀಗೆ. ಮೊದಲ ದಿನ ದಂಡೆಯಲ್ಲಿ ಎದುರಿಗೆ ಕಂಡ ಬೆಂಚಿನವರೆಗೆ ಬಂದು ಕುಳಿತರು. ಕುಳಿತಲ್ಲಿಂದ ಮುಂದಿನ ಬೆಂಚು ಕಾಣುತ್ತಿತ್ತು. ಮರುದಿನ ಅಲ್ಲಿಯವರೆಗೆ ಹೋದರು. ಮೂರನೆಯ ವಾರದಲ್ಲಿ ಓಕ್ ಮರಗಳ ಬುಡಕ್ಕೆ ತಲುಪಿದರು. ನಾನು ಯಾವ ಉಪದೇಶವನ್ನೂ ಮಾಡಿರಲಿಲ್ಲ. ಮೊಣಕಾಲು ನೋವಿನವರು ನಡೆಯಲು ಹೆದರುವುದು ನಡಿಗೆಗಲ್ಲ, ನಡುದಾರಿಯಲ್ಲಿ ನೋವು ಬಂದರೆ ಕೂರಲು ಸ್ಥಳವಿಲ್ಲದಿರುವುದಕ್ಕೆ. ಇದನ್ನು ನಾನು ಗ್ರಂಥಗಳಿಂದ ಕಲಿಯಲಿಲ್ಲ. ಮನೆಯವರು ಬೆಂಚಿನಿಂದ ಬೆಂಚಿಗೆ ಹೋಗುವುದನ್ನು ಕಂಡು ಅರವತ್ತು ದಾಟಿದ ಮೇಲೆ ಕಲಿತೆ.

ದಾರಿ ಬಹುತೇಕ ಸಮತಟ್ಟಾಗಿರುವುದೂ ಒಂದು ಗುಣ. ಮೊಣಕಾಲಿಗೆ ಹೆಚ್ಚಿನ ಭಾರ ಬೀಳುವುದು ಮೆಟ್ಟಿಲನ್ನೂ ಇಳಿಜಾರನ್ನೂ ಇಳಿಯುವಾಗ. ಗುಡ್ಡ ಹತ್ತುವ ಬಯಕೆಯ ತರುಣರಿಗೆ ಅಲ್ಲಿಯೇ ಹಮ್ಮರ್ಬಿ ಗುಡ್ಡವಿದೆ. ಕಟ್ಟಡಗಳ ಮಣ್ಣು ಕಲ್ಲು ಸುರಿದು ಎತ್ತರಿಸಿದ ಗುಡ್ಡವದು. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಆಟ, ಬೇಸಗೆಯಲ್ಲಿ ಏರುವವರ ಸಾಲು. ನಾವು ಕೆಳಗಿನಿಂದಲೇ ನೋಡಿದೆವು.

ಇನ್ನು ಪೂರ್ಣ ಪ್ರದಕ್ಷಿಣೆ. ಭೂಶಿರವನ್ನು ಬಳಸಿ ಮುಂದೆ ಹೋದರೆ ಹೆನ್ರಿಕ್ಸ್‌ದಾಲ್, ಅಲ್ಲಿಂದ ದಾನ್ವಿಕ್ ಕಾಲುವೆಯ ಸೇತುವೆ ದಾಟಿ ಸೋಡರ್ಮಾಲ್ಮ್ ದ್ವೀಪದ ದಂಡೆ, ದಂಡೆಗುಂಟ ಪಶ್ಚಿಮಕ್ಕೆ ಸ್ಕಾನ್ಸ್‌ಟುಲ್‌ನ ಎತ್ತರದ ಸೇತುವೆಗಳ ಕೆಳಗೆ, ಅಲ್ಲಿ ನೀರನ್ನು ದಾಟಿ ಮತ್ತೆ ಲೂಮಾ. ನನ್ನ ನಿಧಾನದ ನಡಿಗೆಗೆ, ಅಲ್ಲಲ್ಲಿ ಕುಳಿತದ್ದನ್ನೂ ಸೇರಿಸಿ, ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತಿತ್ತು. ಪಶ್ಚಿಮದ ತುದಿಯಲ್ಲಿ ಹಡಗುಗಳ ತೂಬು ಇದೆ. ಮೆಲಾರೆನ್ ಎಂಬ ಸಿಹಿನೀರಿನ ಮಹಾಸರೋವರದ ಮಟ್ಟ ಸಮುದ್ರಕ್ಕಿಂತ ಅರ್ಧ ಮೀಟರಿಗೂ ಹೆಚ್ಚು ಮೇಲಿದೆ. ಎರಡರ ನಡುವೆ ದೋಣಿಯನ್ನು ಒಂದು ತೊಟ್ಟಿಯೊಳಗೆ ನಿಲ್ಲಿಸಿ, ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲೇರಿಸುತ್ತಾರೆ. ಇದನ್ನು ನೋಡುತ್ತಾ ನಿಂತ ಮುದುಕರ ಗುಂಪಿನಲ್ಲಿ ನಾನೂ ಒಬ್ಬನಾದೆ. ಊರು ಯಾವುದಾದರೇನು, ಕೆರೆಯ ತೂಬಿನ ಬಳಿ ಮುದುಕರು ನಿಲ್ಲುವುದು ಒಂದೇ.

ಅರ್ಧದಲ್ಲಿ ದಣಿದವರಿಗೂ ದಾರಿಯುಂಟು. ಲೂಮಾದಿಂದ ಎದುರು ದಂಡೆಗೆ ಸಣ್ಣ ಹಡಗೊಂದು ಹೋಗಿಬರುತ್ತದೆ. ಅದಕ್ಕೆ ಟಿಕೆಟ್ ಇಲ್ಲ, ನಗರಾಡಳಿತವೇ ವೆಚ್ಚ ಭರಿಸುತ್ತದೆ. ಕೆಲವು ನಿಮಿಷಗಳ ಪ್ರಯಾಣ. ಬಡಾವಣೆಯ ನಡುಬೀದಿಯಲ್ಲಿ ಟ್ರಾಮ್ ಓಡುತ್ತದೆ. ಎಲ್ಲಿ ಸಾಕೆನಿಸಿದರೂ ಅಲ್ಲಿಂದ ಮನೆಗೆ ಮರಳಬಹುದೆಂಬ ಭರವಸೆಯೇ ಹಿರಿಯರನ್ನು ಇನ್ನೂ ಸ್ವಲ್ಪ ಮುಂದಕ್ಕೆ ಕರೆದೊಯ್ಯುತ್ತದೆ.

ನಡೆಯುತ್ತಾ ಹೋದಂತೆ, ಈ ಬಡಾವಣೆ ತನ್ನ ಮಲವನ್ನೂ ಕಸವನ್ನೂ ಹೇಗೆ ನಿಭಾಯಿಸುತ್ತದೆಂಬುದು ಕಣ್ಣಿಗೆ ಬೀಳುತ್ತದೆ. ಅಂಗಳಗಳಲ್ಲಿ ಗಿಡ್ಡ ಕೊಳವೆಗಳಂತೆ ನಿಂತಿರುವುವು ಕಸದ ಬಾಯಿಗಳು. ಬಗೆಬಗೆಯ ಕಸಕ್ಕೆ ಬೇರೆ ಬೇರೆ ಬಾಯಿ. ಒಳಗೆ ಹಾಕಿದ ಚೀಲಗಳನ್ನು ಗಾಳಿಯು ನೆಲದಡಿಯ ಕೊಳವೆಗಳಲ್ಲಿ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಎಳೆದೊಯ್ಯುತ್ತದೆ. ಆದುದರಿಂದ ಕಸದ ಲಾರಿ ಮನೆಯಂಗಳಕ್ಕೆ ಬರುವುದಿಲ್ಲ, ನಡೆಯುವ ದಾರಿಯಲ್ಲಿ ನಾತವಿಲ್ಲ. ಛಾವಣಿಗಳ ಮಳೆನೀರು ತೆರೆದ ಸಣ್ಣ ಕಾಲುವೆಗಳಲ್ಲಿ ಹರಿದು ಸರೋವರಕ್ಕೆ ಸೇರುತ್ತದೆ. ವಾಹನಗಳ ರಸ್ತೆಯ ನೀರನ್ನು ಮಾತ್ರ ಬೇರೆಯಾಗಿಟ್ಟು, ತೊಟ್ಟಿಗಳಲ್ಲಿ ನಿಲ್ಲಿಸಿ ತಿಳಿಯಾಗಿಸುತ್ತಾರೆ. ಹೆನ್ರಿಕ್ಸ್‌ದಾಲ್‌ನಲ್ಲಿ ಬಂಡೆಯ ಒಡಲನ್ನೇ ಕೊರೆದು 1941ರಲ್ಲಿ ತೆರೆದ ಕೊಳಚೆ ಶುದ್ಧೀಕರಣ ಘಟಕವಿದೆ. ಮೇಲೆ ನಡೆಯುವವರಿಗೆ ಅದು ಕೆಳಗಿದೆಯೆಂಬ ಅರಿವೂ ಆಗದು. ಶುದ್ಧಿಗೊಂಡ ನೀರಿನಲ್ಲಿ ಉಳಿದ ಬಿಸಿಯನ್ನು ಹೀರಿ ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡುತ್ತಾರೆ. ಕೆಸರಿನಿಂದ ಅನಿಲ ತೆಗೆದು ವಾಹನಗಳಿಗೂ, ಸುಮಾರು ಸಾವಿರ ಮನೆಗಳ ಒಲೆಗಳಿಗೂ ಬಳಸುತ್ತಾರೆ. ಕೆರೆಯ ಸುತ್ತ ನಡೆಯಿರಿ ಎಂದು ಹೇಳುವ ಮೊದಲು ಕೆರೆಗೆ ಏನು ಬಿಡುತ್ತಿದ್ದೇವೆಂಬುದನ್ನು ನೋಡಬೇಕಲ್ಲವೇ? ನಾತ ಬೀರುವ ನೀರಿನ ಬದಿಯಲ್ಲಿ ದೀರ್ಘಶ್ವಾಸ ತೆಗೆದುಕೊಳ್ಳಿರೆಂದು ಯಾವ ವೈದ್ಯ ತಾನೇ ಹೇಳಿಯಾನು?

ಎಲ್ಲವೂ ಸರಿಯಾಗಿದೆ ಎಂದು ಹೇಳಲಾರೆ. ಮನೆಗಳಲ್ಲಿ ಇಂಧನದ ಬಳಕೆಯನ್ನು ಇಳಿಸಲು ಹಾಕಿಕೊಂಡ ಗುರಿಯನ್ನು ಅನೇಕ ಕಟ್ಟಡಗಳು ಮುಟ್ಟಲಿಲ್ಲ. ಮನೆಗಳ ಬೆಲೆ ಬಡವರ ಕೈಗೆ ಎಟುಕದು. ಬಡಾವಣೆಯ ದಕ್ಷಿಣಕ್ಕೆ ಹೆದ್ದಾರಿಯೂ ಹಾದಿದೆ. ಆದರೆ ಆ ಹೆದ್ದಾರಿಯನ್ನು ದಾಟಿಸಲು ಅವರು ಮಾಡಿರುವ ಉಪಾಯ ನೋಡತಕ್ಕದ್ದು: ರಸ್ತೆಯ ಮೇಲೆ ಎರಡು ಅಗಲವಾದ ಹಸಿರು ಸೇತುವೆಗಳು. ಮಣ್ಣು ತುಂಬಿ, ಗಿಡಮರ ನೆಟ್ಟು, ಕಾಡಿನ ಪ್ರಾಣಿಗಳೂ ಮನುಷ್ಯರೂ ಒಂದೇ ನೆಲದ ಮೇಲೆ ದಾಟುವಂತೆ ಮಾಡಿದ್ದಾರೆ. ದಾಟಿದರೆ ನಾಕಾ ರಕ್ಷಿತಾರಣ್ಯ. ಪೈನ್ ಮರಗಳು, ಪಾಚಿ ಹಿಡಿದ ಬಂಡೆಗಳು, ಒಳಗೆ ಸರೋವರಗಳು. ಒಂದು ಸರೋವರದ ದಂಡೆಯಲ್ಲಿ ಹೆಲ್ಲಾಸ್‌ಗೋರ್ಡೆನ್ ಎಂಬ ವಿಹಾರಧಾಮವಿದೆ; ಅಳಿಯಂದಿರು ಭಾನುವಾರ ನನ್ನನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋದರು. ಆ ದೇಶದಲ್ಲಿ ಯಾರ ಕಾಡಿನಲ್ಲಿಯಾದರೂ ಹಾನಿಮಾಡದೆ ನಡೆಯುವ, ಕಾಡಿನ ಹಣ್ಣುಗಳನ್ನು ಕಿತ್ತು ತಿನ್ನುವ ಹಕ್ಕು ಸರ್ವರಿಗೂ ಇದೆ. ನೀಲಿ ಬಣ್ಣದ ಸಣ್ಣ ಹಣ್ಣುಗಳನ್ನು ಬೊಗಸೆಯಲ್ಲಿ ತಿಂದೆವು.

ಈ ಕಾಡಿನ ದಾರಿಯ ಬಗ್ಗೆ ಒಂದು ಎಚ್ಚರಿಕೆ ಅವಶ್ಯ. ಅಲ್ಲಿಯ ಹುಲ್ಲಿನಲ್ಲಿ ಉಣುಗುಗಳಿವೆ. ಅವು ಕಚ್ಚಿದರೆ ಬೊರೆಲಿಯಾ ಎಂಬ ಸೋಂಕು, ಕೆಲವೊಮ್ಮೆ ಮೆದುಳಿಗೆ ತಗಲುವ ವೈರಾಣು ಜ್ವರ ಬರಬಹುದು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಾಣು ಈ ಎರಡನೆಯದರ ಹತ್ತಿರದ ಬಂಧು ಎಂದರೆ ಅಪಾಯದ ಸ್ವರೂಪ ತಿಳಿದೀತು. ಉದ್ದ ಕಾಲುಚೀಲದೊಳಗೆ ಪೈಜಾಮವನ್ನು ಸಿಕ್ಕಿಸಿ ನಡೆಯಬೇಕು. ಮನೆಗೆ ಬಂದು ಮೈಯನ್ನೆಲ್ಲ ಪರೀಕ್ಷಿಸಿಕೊಳ್ಳಬೇಕು. ಕಚ್ಚಿದ್ದು ಕಂಡರೆ ಚಿಮುಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಎಣ್ಣೆ ಸವರುವುದು, ಬೆಂಕಿ ತಾಗಿಸುವುದು ಕೂಡದು. ಕೆಲವು ದಿನಗಳಲ್ಲಿ ಸುತ್ತಲೂ ಹರಡುವ ಕೆಂಪು ಕಲೆ ಅಥವಾ ಜ್ವರ ಕಂಡರೆ ಅಲ್ಲಿಯ ವೈದ್ಯರಲ್ಲಿಗೆ ತಡಮಾಡದೆ ಹೋಗಬೇಕು.

ಎಷ್ಟು ನಡೆಯಬೇಕೆಂಬುದಕ್ಕೆ ನಮ್ಮ ಶಾಸ್ತ್ರ ಕೊಟ್ಟಿರುವ ಅಳತೆ ಅರ್ಧಶಕ್ತಿ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿಯಿಂದ ಉಸಿರಾಡಬೇಕೆನಿಸಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿದು ನಿಲ್ಲಬೇಕು. ಕೈಗಡಿಯಾರ ಎಣಿಸುವ ಹೆಜ್ಜೆಗಳಿಗಿಂತ ಇದು ಹೆಚ್ಚು ನಂಬತಕ್ಕ ಅಳತೆಯೆಂದು ನನ್ನ ಅಭಿಪ್ರಾಯ. ಏಕೆಂದರೆ ಇಂದಿನ ಶಕ್ತಿ ನಿನ್ನೆಯದಲ್ಲ. ಆದರೆ ತಣ್ಣಗಿನ ದೇಶದಲ್ಲಿ ಬೆವರು ತಡವಾಗಿ ಕಾಣುತ್ತದೆ. ಅಲ್ಲಿ ಉಸಿರನ್ನೇ ಗಮನಿಸಬೇಕು. ಪಕ್ಕದವರೊಡನೆ ಮಾತನಾಡಲು ಕಷ್ಟವಾದರೆ ನಿಧಾನಿಸಬೇಕು. ಎದೆ ಬಿಗಿದರೆ ಅಲ್ಲಿಯೇ ನಿಂತು ನೆರವು ಕೇಳಬೇಕು.

ಸುಶ್ರುತ ಸಂಹಿತೆಯ ಪ್ರಮೇಹ ಚಿಕಿತ್ಸೆಯಲ್ಲಿ ಒಂದು ಸ್ವಾರಸ್ಯವಿದೆ. ಹಣವೂ ಬಂಧುಗಳೂ ಇಲ್ಲದ ರೋಗಿಗೆ ಆಚಾರ್ಯರು ಔಷಧಕ್ಕೆ ಬದಲಾಗಿ ದಾರಿಯನ್ನೇ ವಿಧಿಸುತ್ತಾರೆ: ಪಾದರಕ್ಷೆಯಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನದಿಂದ, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತಾ ನೂರು ಯೋಜನ ನಡೆಯಬೇಕೆಂದು, ಬಾವಿ ತೋಡುವುದನ್ನೂ ಹೇಳುತ್ತಾರೆ. ಬರಿಗಾಲಿನ ಮಾತನ್ನು ಮಾತ್ರ ಇಂದು ಅನುಸರಿಸಬಾರದು. ಬಹುಕಾಲದ ಮಧುಮೇಹದಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ. ಮುಳ್ಳು ಚುಚ್ಚಿದ್ದೂ ತಿಳಿಯದು. ಅಂಥವರು ಮೆತ್ತನೆಯ ಹತ್ತಿ ಕಾಲುಚೀಲ, ಬೆರಳುಗಳಿಗೆ ಬಿಗಿಯಾಗದ ಬೂಟು ಧರಿಸಿ, ಪ್ರತಿ ಸಂಜೆ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆ ಅಥವಾ ಬೆಲ್ಲದ ತುಂಡು ಇರಲಿ.

ಮಕ್ಕಳ ಬಳಿಗೆ ಹೋಗುವವರಿಗೆ ಇನ್ನೂ ಕೆಲವು ಮಾತು. ಸರೋವರದ ಗಾಳಿ ಬೇಸಗೆಯಲ್ಲಿಯೂ ಕಿವಿಗೆ ಹೊಡೆಯುತ್ತದೆ. ವಾತಪ್ರಕೃತಿಯವರು ಕಿವಿ ಮುಚ್ಚುವ ಟೋಪಿಯನ್ನೂ ಮೊಣಕಾಲಿಗೆ ಬೆಚ್ಚನೆಯ ಪಟ್ಟಿಯನ್ನೂ ಮರೆಯಬಾರದು. ಹೊರಡುವ ಮುನ್ನ ಬಿಸಿ ಎಳ್ಳೆಣ್ಣೆಯನ್ನು ಕೀಲುಗಳಿಗೆ ತಿಕ್ಕಿಕೊಂಡರೆ ಹಿತ. ಜೂನ್ ತಿಂಗಳಲ್ಲಿ ಬೆಳಗಿನ ಮೂರೂವರೆಗೆ ಸೂರ್ಯೋದಯ, ರಾತ್ರಿ ಹತ್ತರವರೆಗೂ ಬೆಳಕು. ಬೆಳಕಿದೆಯೆಂದು ನಡೆಯಲು ಹೊರಟರೆ ನಿದ್ರೆ ಕೆಡುತ್ತದೆ. ಗಡಿಯಾರ ನೋಡಿ ಮಲಗಿ, ಕಿಟಕಿಗೆ ದಪ್ಪ ಪರದೆ ಹಾಕಿಸಿಕೊಳ್ಳಿ. ದಾರಿಯಲ್ಲಿ ಸೈಕಲ್ಲಿನವರಿಗೆ ಬೇರೆ ಪಟ್ಟೆ ಬಳಿದಿರುತ್ತಾರೆ. ಮೊದಲ ವಾರ ನಾವಿಬ್ಬರೂ ಮಾತನಾಡುತ್ತಾ ಆ ಪಟ್ಟೆಯ ಮಧ್ಯದಲ್ಲಿಯೇ ನಡೆದು ಎಷ್ಟು ಗಂಟೆಗಳ ಸದ್ದು ಕೇಳಿದೆವೋ ಲೆಕ್ಕವಿಲ್ಲ. ಮಳೆ ಬಂದ ದಿನ ಮರದ ಹಲಗೆಗಳ ದಾರಿ ಜಾರುತ್ತದೆ, ಅಂದು ಕಲ್ಲಿನ ದಂಡೆಯೇ ಸುರಕ್ಷಿತ. ಚಳಿಗಾಲದಲ್ಲಿ ದಾರಿ ಹೆಪ್ಪುಗಟ್ಟುವುದರಿಂದ ಜಲ್ಲಿ ಚೆಲ್ಲುತ್ತಾರೆ, ಬೂಟಿನಡಿಗೆ ಕಟ್ಟುವ ಮೊಳೆಗಳೂ ಸಿಗುತ್ತವೆ. ಆದರೂ ಮೂಳೆ ಸವೆದ ವೃದ್ಧರು ಹೋಗುವುದಾದರೆ ಬೇಸಗೆಯಲ್ಲಿಯೇ ಹೋಗುವುದು ಲೇಸು.

ಊರಿಗೆ ಮರಳಿದ ಮೇಲೆ ಆ ತಾಯಿ ಮತ್ತೆ ಬಂದರು. ಈ ಬಾರಿ ನಡೆದಿರಾ ಎಂದು ಕೇಳಲಿಲ್ಲ. ಚೀಟಿಯನ್ನು ಮಗುಚಿ, ಅವರ ಮನೆಯನ್ನೊಂದು ಚೌಕವಾಗಿ ಬರೆದು, ಅಲ್ಲಿಂದ ಎತ್ತ ಹೋಗಬಹುದೆಂದು ಕೇಳಿದೆ. ಮುಂಬಾಗಿಲು ಬೇಡ, ಹಿಂದಿನ ಓಣಿಯಿಂದ ಹೊರಟರೆ ನಾಯಿಗಳಿಲ್ಲ ಎಂದರು. ಓಣಿ ಮುಗಿದಲ್ಲಿ ಶಾಲೆಯ ಗೋಡೆ, ಗೋಡೆಗುಂಟ ಹೋದರೆ ಅರಳಿಕಟ್ಟೆ, ಅದರಾಚೆ ಕೆರೆಯ ಏರಿ. ಕಟ್ಟೆಯ ಮೇಲೆ ಕೂರಬಹುದೇ ಎಂದೆ. "ಬೆಳಿಗ್ಗೆ ಎಂಟರ ಒಳಗೆ ಯಾರೂ ಇರಲ್ರಿ" ಎಂದರು. ಏರಿಯ ಮೇಲೆ ಮಾತ್ರ ಕೂರಲು ಏನೂ ಇಲ್ಲ. ಅವರ ಮಗ ಪಂಚಾಯಿತಿ ಸದಸ್ಯರು. ಅಲ್ಲಿ ಎರಡು ಕಲ್ಲುಹಾಸು ಹಾಕಿಸಲು ಅವರಿಗೆ ಹೇಳಬೇಕೆಂದು ಚೀಟಿಯ ಕೆಳಗೆ ಬರೆದುಕೊಟ್ಟೆ. ಕಟ್ಟೆಗೆ ಎಷ್ಟು ಹೆಜ್ಜೆ ಎಂಬುದನ್ನು ಎಣಿಸಿ ಮುಂದಿನ ಸಲ ಹೇಳುತ್ತೇನೆಂದು ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.